ಅವನ ಕೈಗೆ ಮಾತ್ರ ಸಿಗುವ ಡಿಸ್ಕ್

ಕಳ್ಳನನ್ನು ಕೈಯಾರೆ ಹಿಡಿದೇ ತೀರಬೇಕೆಂದು ಅವಳು ಅಂದು ಎಲ್ಲರಿಗಿಂತ ಮೊದಲೇ ಆಫೀಸಿಗೆ ಬಂದು ಕೂತಿದ್ದಳು.

ಕಳ್ಳನೆಂದರೆ ಬೇರಾರೂ ಅಲ್ಲ, ಮೇಲಿನ ಮಹಡಿಯ ಪರೀಕ್ಷಕ. ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಂಥ ಕರ್ನಲ್‌ಗೆ ಡ್ರೈವರ್, ಎಂದರೆ ಕಂಪ್ಯೂಟರಿನ ಬಿಡಿಭಾಗಗಳನ್ನು ಗುರುತಿಸಿ ನಡೆಸುವ ಪ್ರೋಗ್ರಾಂ, ಬರೆಯುವುದು ಅವಳ ಕೆಲಸ. ಬರೆದದ್ದನ್ನು ಓಡಿಸಿ ತಪ್ಪು ಹುಡುಕುವುದು ಅವನದು. ಹೊಸ ಹಾರ್ಡ್ ಡಿಸ್ಕನ್ನು ಗುರುತಿಸಬೇಕಾದ ಅವಳ ಡ್ರೈವರ್, ಅವಳು ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಡಿಸ್ಕೇ ಇಲ್ಲವೆಂದು ಮುಖ ತಿರುಗಿಸುತ್ತಿತ್ತು. ಬೇಸತ್ತು ನೀರು ಕುಡಿದು ಬರುವಷ್ಟರಲ್ಲಿ ಅವನು ಅವಳ ಕುರ್ಚಿಯಲ್ಲಿ ಕೂತಿರುತ್ತಿದ್ದ. ಪರದೆಯ ಮೇಲೆ ಡಿಸ್ಕ್ ಏನೂ ಆಗಿಲ್ಲವೆಂಬಂತೆ ಕಾಣಿಸುತ್ತಿರುತ್ತಿತ್ತು.

"ನನಗೆ ಸರಿಯಾಗೇ ಬರ್ತಿದೆಯಲ್ಲ," ಎಂದು ನಗುವನು. ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವಳ ಅನುಮಾನ ಇಮ್ಮಡಿಯಾಗುವುದು. ತನ್ನ ಕೋಡನ್ನು ಗುಟ್ಟಾಗಿ ತಿದ್ದಿ, ಕೊನೆಗೆ ತಾನೇ ಸರಿಮಾಡಿದೆನೆಂದು ಹೆಸರು ಗಿಟ್ಟಿಸುವ ಹುನ್ನಾರವೇ ಇದು? ಡ್ರೈವರ್ ಸರಿಹೋಗದಿದ್ದರೆ ಅದನ್ನು ಬೇರೆಯವರಿಗೆ ಒಪ್ಪಿಸುವುದಾಗಿ ತಂಡದ ಮುಖ್ಯಸ್ಥರು ಆಗಲೇ ಹೇಳಿದ್ದರು. ಕನ್ನಡಕದ ಮೇಲಿಂದ ನೋಡುವ ಅವರಿಗೆ ಎಲ್ಲರೂ ಇಟ್ಟ ಹೆಸರು ಹೆಡ್‌ಮಾಸ್ಟರು. ಅವನನ್ನು ತನ್ನ ಮೆಷೀನಿನಿಂದ ದೂರವಿಡಿ ಎಂದು ಅವಳು ಅವರ ಕಿವಿಗೆ ಹಾಕಿಯೂ ಆಗಿತ್ತು.

ಮನೆಯಲ್ಲಿ ಅತ್ತಿಗೆ ಮಾತ್ರ ಚುಡಾಯಿಸಿದ್ದಳು. "ಊಟಕ್ಕೆ ಕೂತ್ರೆ ಅವನು, ಎದ್ರೆ ಅವನು. ಬೈಯೋಕಾದ್ರೂ ನಿಂಗೆ ಬೇರೆಯವರು ಸಿಗಲ್ವೇನೇ?"

"ಸುಮ್ನಿರಿ ಅತ್ತಿಗೆ, ನನ್ನ ಕೆಲಸಕ್ಕೇ ಕುತ್ತು ಬಂದಿದೆ!"

ಅಂದು ಅವನು ಬಂದಾಗ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಇವತ್ತು ನೀರು ಬೇಡ್ವಾ?" ಎಂದ ಅವನು.

"ಬೇಡ. ನನ್ನ ಕಣ್ಣೆದುರೇ ಮಾಡಿ ತೋರಿಸಿ."

ಅವನು ಪಕ್ಕದ ಕುರ್ಚಿಯನ್ನು ಎಳೆದುಕೊಂಡ. ಮೊಣಕೈಗೆ ಮೊಣಕೈ ತಗುಲಿತು. ಇಬ್ಬರೂ ತಗುಲದವರಂತೆ ಕೂತರು. ಅವನು ರೀಸ್ಟಾರ್ಟ್ ಒತ್ತಿದ. ಡಿಸ್ಕ್ ಬಂತು. ಅವಳು ಮೈಯೆಲ್ಲ ಕಣ್ಣಾಗಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಕಳ್ಳತನ ಕಾಣಲಿಲ್ಲ. ಬೆರಳು ಚೆನ್ನಾಗಿವೆ ಎಂಬುದಷ್ಟೇ ಕಂಡಿತು.

"ಈಗ ನಾನು," ಎಂದು ಅವಳು ಬಗ್ಗಿ ಪ್ಲಗ್ ಕಿತ್ತು, ಮತ್ತೆ ಸಿಕ್ಕಿಸಿ, ಆನ್ ಮಾಡಿದಳು. ಡಿಸ್ಕ್ ಇಲ್ಲ!

"ನೋಡಿದ್ರಾ? ಏನು ಮಾಟ ಮಾಡಿಟ್ಟಿದ್ದೀರಿ?"

ಅವನ ನಗು ಮಾಯವಾಗಿತ್ತು. "ಪ್ಲಗ್ ಯಾಕೆ ಕಿತ್ರಿ?"

"ನಾನು ಯಾವಾಗ್ಲೂ ಹಾಗೇ. ಕೆಟ್ಟಿತು ಅಂದ್ರೆ ಪೂರ್ತಿ ಮೊದಲಿಂದ."

"ನಾನು ಯಾವತ್ತೂ ಪ್ಲಗ್ ಮುಟ್ಟಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಮತ್ತೆ ಕರೆಂಟ್ ತೆಗೆದಳು. ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ ಡಿಸ್ಕಿನ ಮೇಲೆ ಅಂಗೈ ಇಟ್ಟಳು. "ಆನ್ ಮಾಡಿ."

ತಣ್ಣಗಿದ್ದ ಲೋಹ ಮೆಲ್ಲಗೆ ಕಂಪಿಸತೊಡಗಿತು. ಒಳಗಿನ ತಟ್ಟೆ ತಿರುಗಿ ವೇಗ ಹಿಡಿಯಲು ಹೊತ್ತು ಬೇಕಾಯಿತು. ಅಷ್ಟರಲ್ಲೇ ಪರದೆಯ ಮೇಲೆ ಇಲ್ಲ ಎಂದು ಬಂದುಬಿಟ್ಟಿತ್ತು. ಅವಳ ಡ್ರೈವರ್ ಒಂದೇ ಸಲ ಕೂಗಿ, ಉತ್ತರ ಬರುವ ಮುನ್ನವೇ ಮನೆಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸುತ್ತಿತ್ತು. ಬರೀ ರೀಸ್ಟಾರ್ಟ್ ಮಾಡಿದರೆ ಡಿಸ್ಕ್ ತಿರುಗುತ್ತಲೇ ಇರುವುದರಿಂದ ಕೂಡಲೇ ಓಗೊಡುತ್ತಿತ್ತು.

ಅವಳು ಕೋಡ್ ತಿದ್ದಿದಳು: ಸಿದ್ಧವಾಗುವವರೆಗೆ ಕಾಯಿ, ಮತ್ತೆ ಕೇಳು. ಪ್ಲಗ್ ಕಿತ್ತು ಆನ್ ಮಾಡಿದಾಗ ಡಿಸ್ಕ್ ಬಂತು.

ಅದೇ ಗಳಿಗೆಗೆ ಹೆಡ್‌ಮಾಸ್ಟರು ಬಾಗಿಲಲ್ಲಿ ಪ್ರತ್ಯಕ್ಷರಾದರು. "ನೋಡಮ್ಮಾ, ನೀನು ಹೇಳಿದ ಹಾಗೇ ಇವನನ್ನ ಬೇರೆ ಕಟ್ಟಡಕ್ಕೆ ಹಾಕಿದ್ದೀನಿ. ಇನ್ನು ನಿನ್ನ ಮೆಷೀನ್ ತಂಟೆಗೆ ಬರಲ್ಲ."

ಅವನು ನಿಧಾನವಾಗಿ ಅವಳತ್ತ ತಿರುಗಿದ. ಕೆನ್ನೆಯ ಗುಳಿ ಎಲ್ಲಿತ್ತೆಂಬುದೇ ತಿಳಿಯದಂತಿತ್ತು ಮುಖ.

"ತಪ್ಪು ನನ್ನ ಡ್ರೈವರ್‌ದು ಸರ್," ಎಂದಳು ಅವಳು. "ಇವರದ್ದು ಎಳ್ಳಷ್ಟೂ ಇಲ್ಲ. ಕಳಿಸಬೇಡಿ."

"ಅನುಮಾನ ಬಂದಾಗ ನನ್ನನ್ನೇ ಕೇಳಬಹುದಿತ್ತು," ಎಂದ ಅವನು.

"ಕೇಳಿದ್ರೆ ನೀವು ನಗ್ತಿದ್ರಿ. ನಕ್ರೆ ನಾನು ನಂಬಿಬಿಡ್ತಿದ್ದೆ. ಆ ಭಯಕ್ಕೇ ಕೇಳ್ಲಿಲ್ಲ."

ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, "ಹಾಗಾದ್ರೆ ಇಲ್ಲೇ ಇರಲಿ ಬಿಡು," ಎಂದು ಗೊಣಗಿ ಜಾರಿಕೊಂಡರು.

ಅವಳೊಳಗೆ ಒಂದು ಅನುಮಾನ ಇನ್ನೂ ಮಿಸುಕಾಡುತ್ತಿತ್ತು. "ಇದೇ ಡಿಸ್ಕ್ ನಿಮ್ಮ ಮಹಡೀಲೂ ಇದೆ. ಅಲ್ಲೇ ನೋಡಬಹುದಿತ್ತು. ದಿನಾ ಇಲ್ಲಿಗೇ ಯಾಕೆ ಬರ್ತಿದ್ರಿ?"

ಅವನ ಕಿವಿ ಕೆಂಪಾದವು. "ನಿಮ್ಮ ಹತ್ರ ಮಾತಾಡೋಕೆ ಬೇರೆ ನೆಪ ಇರ್ಲಿಲ್ಲ. ಇದು ಬೇಗ ಸರಿಹೋಗದೇ ಇರಲಿ ಅಂತಾನೂ ಒಂದೊಂದ್ಸಲ ಅನ್ನಿಸಿದ್ದುಂಟು. ಅಷ್ಟು ಮಟ್ಟಿಗೆ ನೀವು ಅನುಮಾನಪಟ್ಟಿದ್ದು ತಪ್ಪಲ್ಲ."

ಅವಳು ಮುಖ ಗಂಟಿಕ್ಕಿಕೊಳ್ಳಲು ನೋಡಿದಳು; ತುಟಿ ಮಾತು ಕೇಳಲಿಲ್ಲ. "ಈಗ ಸರಿಹೋಯ್ತಲ್ಲ. ನಾಳೆಗೆ ಏನು ನೆಪ?"

"ಇನ್ನೂ ಹೊಳೆದಿಲ್ಲ."

"ಹುಡುಕ್ತಾ ಕೂರಬೇಡಿ," ಎಂದಳು ಅವಳು. "ಸುಮ್ನೆ ಬನ್ನಿ."