ಅಕ್ಷರ ಕುಲಾವಿ

ಅಯ್ಯನವರು ನೀಲಿಯ ತೋರುಬೆರಳು ಹಿಡಿದು, ತಾಟಿನಲ್ಲಿ ಹರವಿದ್ದ ಅಕ್ಕಿಯ ಮೇಲೆ ಮೊದಲ ಅಕ್ಷರ ತೀಡಿಸಲು ಹೊರಟಿದ್ದರು. ಅಪ್ಪನ ತೊಡೆಯ ಮೇಲೆ ಕುಳಿತಿದ್ದ ಮೂರು ವರ್ಷದ ಆ ಹುಡುಗಿ ಅಷ್ಟರಲ್ಲಿ ಗೋಡೆಗೆ ಆನಿಸಿಟ್ಟಿದ್ದ ಅಕ್ಕಿ ಚೀಲದ ಮೇಲೆ ಕಣ್ಣಿಟ್ಟು, "ತಂಪಾದ ಒಣ ಜಾಗದಲ್ಲಿ ಇಡಿ. ಕೊಕ್ಕೆ ಬಳಸಬೇಡಿ," ಎಂದು ಓದಿದಳು.

ಅಯ್ಯನವರು ಬೆರಳು ಬಿಟ್ಟರು. "ಇಕಿಗೆ ನಾ ಏನು ಕಲಿಸ್ಲೆಪಾ ನಿರಂಜನಾ? ಇಕಿನ ನಂಗ ಎರಡಕ್ಷರ ಕಲಿಸ್ತಾಳ," ಎಂದರು. ಧಾರವಾಡದ ಆ ಮನೆಯ ಪಡಸಾಲೆಯಲ್ಲಿ ಸೇರಿದ್ದ ನೆಂಟರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಿರಂಜನ ಕುಬಸದ. ನಗದೆ ಏನು ಮಾಡಿಯಾನು? ಮಗಳ ತಲೆಯ ಮೇಲಿದ್ದ ಬಿಳಿ ಹತ್ತಿಯ ಕುಲಾವಿ ಅವನದೇ ಸೃಷ್ಟಿ. ಈ ಶತಮಾನ ಅರ್ಧ ದಾಟಿ ಕೆಲವು ವರ್ಷಗಳಾಗಿದ್ದವು. ಊರಿನ ನರವಿಜ್ಞಾನ ಕೇಂದ್ರದಲ್ಲಿ ಅವನು ಹಿರಿಯ ವಿಜ್ಞಾನಿ. ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಜನ ಮಾತ್ರ ಅದನ್ನು ಅಕ್ಷರ ಕುಲಾವಿ ಎಂದು ಕರೆದರು, ಅದೇ ಉಳಿಯಿತು.

ನೋಡಲು ಅದು ಹಿಂದೆ ಅಜ್ಜಿಯರು ಹೊಲಿಯುತ್ತಿದ್ದ ಕೂಸಿನ ಕುಲಾವಿಯೇ. ಅಸ್ತರಿನ ಒಳಗೆ ಮಾತ್ರ ಕೂದಲಿಗಿಂತ ತೆಳುವಾದ ತಂತಿಗಳ ಹೆಣಿಗೆ, ಹಣೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಎರಡು ಮಸೂರಗಳು. ಒಂದು ಮಗುವಿನ ಕಣ್ಣನ್ನು ಗಮನಿಸುತ್ತಿತ್ತು, ಇನ್ನೊಂದು ಮಗುವಿನ ಎದುರಿಗೆ ಇದ್ದದ್ದನ್ನು. ಕಣ್ಣು ಯಾವ ಅಕ್ಷರದ ಮೇಲೆ ನಿಂತಿದೆ ಎಂಬುದು ತಿಳಿದ ಕೂಡಲೇ, ಮಿದುಳಿನಲ್ಲಿ ಸದ್ದನ್ನು ಅರಿಯುವ ಜಾಗಕ್ಕೆ ತಂತಿಗಳಿಂದ ಸಣ್ಣದೊಂದು ಮಿಡಿತ ಹೋಗುತ್ತಿತ್ತು. ಕಣ್ಣು ಕಂಡ ಆಕಾರಕ್ಕೂ ಕಿವಿ ಬಲ್ಲ ಸದ್ದಿಗೂ ಗಂಟು ಬೀಳುವುದನ್ನೇ ನಾವು ಓದು ಎನ್ನುವುದು. ಆ ಗಂಟು ಬೀಳಲು ಮಕ್ಕಳಿಗೆ ವರ್ಷಗಳು ಬೇಕು. ಕುಲಾವಿಗೆ ಕೆಲವು ವಾರ ಸಾಕಾಗುತ್ತಿತ್ತು. ಯಾವ ಮಗುವಿಗೆ ಹೇಗೆ ಕಲಿಸಬೇಕು ಎಂಬುದನ್ನು ಅದು ತಾನೇ ನೋಡಿ ನೋಡಿ ಕಲಿಯುತ್ತಿತ್ತು. ನಿರಂಜನ ಅದಕ್ಕೆ ಕೊಟ್ಟಿದ್ದು ಒಂದೇ ಅಪ್ಪಣೆ: ಓದಿಗೆ ನೆರವಾಗುವುದನ್ನು ಬೆಳೆಸು, ಆಗದ್ದನ್ನು ಮೆಲ್ಲಗೆ ಬಿಡಿಸು.

ಇದನ್ನು ಯಾಕೆ ಮಾಡಿದಿರಿ ಎಂದು ಕೇಳಿದವರಿಗೆಲ್ಲ ಅವನು ಘನವಾದ ಕಾರಣಗಳನ್ನೇ ಹೇಳುತ್ತಿದ್ದ. ಓದಿ ಹೇಳುವವರಿಲ್ಲದ ಮನೆಗಳ ಮಕ್ಕಳು, ಹಿಂದೆ ಬೀಳುವ ಶಾಲೆಗಳು, ಹೀಗೆ. ಅದೆಲ್ಲ ನಿಜವೇ. ಹೊಟ್ಟೆಯೊಳಗಿನ ಕಾರಣ ಮಾತ್ರ ಛತ್ರಿ ಕಳೆದುಕೊಂಡ ಒಂದು ಕಪ್ಪೆ. ಅದು ನೀಲಿಗೆ ಎರಡು ವರ್ಷವಾಗಿದ್ದಾಗಿನ ಪುಸ್ತಕ. ಅವನ ಹೆಂಡತಿ ಸಾನ್ವಿ ಕಾರವಾರದಾಚೆ ಸಮುದ್ರದ ನಡುವೆ ನೆಟ್ಟ ಗಾಳಿಯಂತ್ರಗಳ ಎಂಜಿನಿಯರು. ಎರಡು ತಿಂಗಳು ಅಲ್ಲಿದ್ದರೆ ಎರಡು ವಾರ ಮನೆಯಲ್ಲಿ. ಹೀಗಾಗಿ ಕಪ್ಪೆ ನಿರಂಜನನ ಪಾಲಿಗೆ ಬಂದಿತ್ತು. ದಿನವಿಡೀ ದುಡಿದು ಬಂದು, ಕಪ್ಪೆಗೆ ಛತ್ರಿ ಹುಡುಕಿಕೊಟ್ಟು, ಇನ್ನೇನು ಪುಸ್ತಕ ಮುಚ್ಚಬೇಕು ಎನ್ನುವಾಗ ಮಗಳು "ಇನ್ನೊಮ್ಮಿ" ಎನ್ನುತ್ತಿದ್ದಳು. ಮತ್ತೆ ಕಪ್ಪೆ, ಮತ್ತೆ ಛತ್ರಿ, ಮತ್ತೆ ಇನ್ನೊಮ್ಮಿ. ಮಕ್ಕಳಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪೆ ನೆನೆದು ಸಾಯಲಿ ಎಂದು ಅವನು ಮನಸ್ಸಿನಲ್ಲೇ ಶಪಿಸಿದ ಸಂಜೆಗಳೂ ಉಂಟು. ಪಾರ್ಶ್ವವಾಯು ಹೊಡೆದು ಓದು ಮರೆತವರಿಗೆಂದು ಕೇಂದ್ರದಲ್ಲಿ ಒಂದು ಯಂತ್ರ ಮೊದಲೇ ಇತ್ತು. ಅದನ್ನು ಮಗುವಿನ ತಲೆಗೆ ಹೊಂದಿಸಿದರೆ ಹೇಗೆ ಎಂದು ಅವನಿಗೆ ಹೊಳೆದದ್ದು ಅಂಥದೊಂದು ಸಂಜೆ.

ಅಕ್ಕಿಯ ತಾಟಿನ ಮುಂದೆ ನೆಂಟರು ನಕ್ಕು ವರ್ಷ ತುಂಬುವಷ್ಟರಲ್ಲಿ ಕುಲಾವಿ ಅಂಗನವಾಡಿಗಳಿಗೆ ಹೋಯಿತು. ನಾಲ್ಕು ವರ್ಷದ ಮಕ್ಕಳು ಬಸ್ಸಿನ ಬೋರ್ಡು, ಔಷಧಿ ಚೀಟಿ, ಗೋಡೆಯ ಮೇಲಿನ ಪಂಚಾಂಗ ಎಲ್ಲವನ್ನೂ ಓದತೊಡಗಿದರು. ತಂದೆ ತಾಯಂದಿರು ಹಿಗ್ಗಿ ಹೀರೇಕಾಯಿಯಾದರು. ಅಂಗನವಾಡಿಗಳು ಗ್ರಂಥಾಲಯದಂತೆ ಶಾಂತವಾದವು, ಮನೆಗಳೂ ಶಾಂತವಾದವು. ಮೊದಮೊದಲು ಆ ಶಾಂತಿ ನಿರಂಜನನಿಗೆ ಬಹಳ ಹಿಡಿಸಿತು. ಸಂಜೆ ನೀಲಿಯನ್ನು ಕೂಸಿನಮನೆಯಿಂದ ಕರೆತಂದರೆ ಅವಳು ಸೀದಾ ಕಿಟಕಿಯ ಕಟ್ಟೆ ಹತ್ತಿ ಪುಸ್ತಕ ಬಿಡಿಸುತ್ತಿದ್ದಳು. ಚಹಾ ಬಿಸಿಯಾಗಿಯೇ ಕುಡಿಯುವ ಸುಖ ಅವನಿಗೆ ಮರಳಿ ಸಿಕ್ಕಿತು.

ಆಮೇಲಾಮೇಲೆ ಮನೆ ಬಿಕೋ ಎನ್ನತೊಡಗಿತು. ಹೆಂಡತಿ ಸಮುದ್ರದಲ್ಲಿ, ಮಗಳು ಪುಸ್ತಕದಲ್ಲಿ, ತಾನೊಬ್ಬ ಈ ಮೂರು ಕೋಣೆಗಳಲ್ಲಿ ಎನ್ನಿಸಿ ಅವನಿಗೆ ಬೇಸರವಾಯಿತು. ಒಂದು ಸಂಜೆ ತಾನಾಗಿಯೇ ಹಳೆಯ ಪುಸ್ತಕ ತೆಗೆದುಕೊಂಡು ಮಗಳ ಪಕ್ಕ ಹೋಗಿ ಕುಳಿತ.

"ನೀಲವ್ವಾ, ಕಪ್ಪಿ ಕತಿ ಓದ್ಲೇನು?"

"ಅದು ನಾ ಓದೇನಪಾ," ಎಂದಳು ನೀಲಿ, ಕೈಯಲ್ಲಿದ್ದ ಪುಟದಿಂದ ಕಣ್ಣು ಕೀಳದೆ.

"ಇರ್ಲಿ, ಇನ್ನೊಮ್ಮಿ ಓದೂಣು."

"ಯಾಕ? ಅದಕ ಛತ್ರಿ ಸಿಕ್ಕೈತಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ನಿರಂಜನ ಪುಸ್ತಕ ಮುಚ್ಚಿಟ್ಟು, ಎದ್ದು ಹೋಗಿ ಅನ್ನಕ್ಕಿಟ್ಟ.

ಮುಂದಿನ ಸಲ ಸಾನ್ವಿ ರಜೆಗೆ ಬಂದಾಗ ಬಾಗಿಲಲ್ಲೇ ಚೀಲ ಕೆಳಗಿಟ್ಟು, "ನೀಲವ್ವಾ" ಎಂದು ಕೂಗಿದಳು. ಕಿಟಕಿಯ ಕಟ್ಟೆಯ ಮೇಲಿದ್ದ ಮಗಳು "ಅವ್ವ ಬಂದ್ಲು" ಎಂದಳು. ಅಕ್ಕರೆಯಿಂದಲೇ ಎಂದಳು. ಸರಿದು ಅವ್ವನಿಗೆ ಜಾಗವನ್ನೂ ಮಾಡಿಕೊಟ್ಟಳು. ಕಣ್ಣು ಮಾತ್ರ ಪುಟದ ಮೇಲೇ ಇತ್ತು. ಸಾನ್ವಿ ಪಕ್ಕದಲ್ಲಿ ಕುಳಿತು ಕಾದಳು. ಆಮೇಲೆ ಎದ್ದು ಅಡುಗೆಮನೆಗೆ ಬಂದಳು.

"ನಿರೂ, ಇಕಿ ನನ್ನ ಮಾರಿ ನೋಡ್ಲಿಲ್ಲ."

"ಓದಾಕತ್ತಾಳಲ್ಲ. ಪುಟ ಮುಗದ ಮ್ಯಾಲೆ ನೋಡ್ತಾಳ ತಡಿ."

"ನಾಕು ಪುಟ ಮುಗದೂವು," ಎಂದಳು ಸಾನ್ವಿ. "ಮದ್ಲ ಹಿಂಗಿದ್ದಿಲ್ಲ ಇಕಿ. ಓದಿ ಹೇಳುವಾಗ ಘಳಿಗೊಮ್ಮಿ ಮಾರಿ ಎತ್ತಿ ನೋಡ್ತಿದ್ಲು. ಕಪ್ಪಿ ನೀರಾಗ ಬಿತ್ತಂದ್ರ, ನಾ ಅಂಜೀನೋ ಇಲ್ಲೋ ಅಂತ ನೋಡಿ, ಆಮ್ಯಾಲೆ ತಾನೂ ಅಂಜತಿದ್ಲು. ನಾ ನಕ್ರ ನಗತಿದ್ಲು. ನಿಂಗ ನೆನಪಿಲ್ಲೇನು?"

ನಿರಂಜನನಿಗೆ ನೆನಪಿರಲಿಲ್ಲ. ಯಾಕೆ ನೆನಪಿಲ್ಲ ಎಂದು ಅವನಿಗೇ ಸೋಜಿಗವಾಯಿತು.

ಕುಲಾವಿಯನ್ನು ಅವತ್ತೇ ತೆಗೆದು ಕಪಾಟಿನಲ್ಲಿಟ್ಟರು. ಏನೂ ಬದಲಾಗಲಿಲ್ಲ. ನೀಲಿ ಕುಲಾವಿಯಿಲ್ಲದೆಯೂ ಅಷ್ಟೇ ಚೆನ್ನಾಗಿ ಓದುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹೇಳಿದರೆ ಮುಖವನ್ನೂ ನೋಡುತ್ತಿದ್ದಳು. ಆದರೆ ಕೈಯಲ್ಲಿ ಪುಸ್ತಕವಿದ್ದಾಗ ತಾನಾಗಿ ತಲೆ ಎತ್ತುತ್ತಿರಲಿಲ್ಲ, ಮತ್ತು ಪುಸ್ತಕ ಅವಳ ಕೈಯಲ್ಲಿ ಸದಾ ಇರುತ್ತಿತ್ತು. ಸಾನ್ವಿ ಒಂದೆರಡು ಸಲ ಬಚ್ಚಲಿಗೆ ಹೋಗಿ ಅತ್ತು ಬಂದಳು. ರಜೆ ಮುಗಿದು ಹೊರಟಾಗ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು:

"ಒಂದ ಸಲ ಇಕಿ ತಾನಾಗಿ ಮಾರಿ ಎತ್ತಿ ನೋಡಿದ್ರ ಸಾಕು ನಂಗ. ನಿನ್ನ ವಿಜ್ಞಾನದಿಂದ ಬ್ಯಾರೆ ಏನೂ ಬ್ಯಾಡ."

ಮರುದಿನದಿಂದ ಸಮುದ್ರದ ನಡುವಿನಿಂದ ಸಂಜೆ ಸಂಜೆ ಅವಳ ಫೋನು. ಊಟ ಆಯಿತೇ, ಮೈ ಬೆಚ್ಚಗಿದೆಯೇ ಎಂಬ ಮಾತೆಲ್ಲ ಆಮೇಲೆ. ಮೊದಲು ಕೇಳುತ್ತಿದ್ದುದು ಒಂದೇ. ಇವತ್ತ ನೋಡಿದ್ಲೇನು? ಅವನು ದಿನವೂ ಇಲ್ಲ ಎನ್ನುತ್ತಿದ್ದ.

ಕುಲಾವಿಗಳು ಏನೇನು ಕಲಿತಿವೆ ಎಂಬುದನ್ನು ನೋಡಿಕೊಳ್ಳುತ್ತಿದ್ದವಳು ಪರ್ವೀನ್ ಮುಲ್ಲಾ, ಕೇಂದ್ರದ ಗಣಿತಜ್ಞೆ. ನಿರಂಜನ ಅವಳ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದ. ಪರ್ವೀನ್ ಅರ್ಧ ದಿನ ಹುಡುಕಿದಳು. ಸಿಕ್ಕಿದ್ದು ಇಷ್ಟು: ಮಗು ಪುಟದಿಂದ ತಲೆ ಎತ್ತಲು ಹೊರಟರೆ ಕುಲಾವಿ ಅದನ್ನು ಓದಿಗೆ ಆಗದ ಕೆಲಸವೆಂದು ಎಣಿಸಿ, ಮೆಲ್ಲಗೆ ಕಣ್ಣನ್ನು ಅಕ್ಷರದ ಕಡೆಗೆ ಎಳೆಯುತ್ತಿತ್ತು.

"ಅದಕ್ಕ ಇದನ್ನ ಯಾರು ಹೇಳಿಕೊಟ್ರು?" ನಿರಂಜನನ ದನಿ ಏರಿತು.

"ಯಾರೂ ಹೇಳಿಕೊಟ್ಟಿಲ್ರಿ ಸರ್. ತಾನ ಕಲ್ತೈತಿ. ಮದ್ಲಿನ ಮನಿಗಳೊಳಗ."

ಮೊದಲಿನ ಮನೆಗಳೆಂದರೆ ಕೇಂದ್ರದವರವೇ. ಹೊರಗಿನ ಮಕ್ಕಳ ಮೇಲೆ ಪ್ರಯೋಗ ಮಾಡಲು ಅಪ್ಪಣೆ ಸಿಗುವುದು ತಡವಾಗುತ್ತದೆಂದು ವಿಜ್ಞಾನಿಗಳೆಲ್ಲ ಉಮೇದಿನಿಂದ ತಮ್ಮ ತಮ್ಮ ಮಕ್ಕಳ ಹೆಸರನ್ನೇ ಕೊಟ್ಟಿದ್ದರು. ಒಂದಿಡೀ ಮಳೆಗಾಲ, ಇನ್ನೂ ಏನೂ ಕಲಿಸದ ಬರಿಯ ಕುಲಾವಿಗಳು ಆ ಮಕ್ಕಳ ತಲೆಯ ಮೇಲೆ ಕುಳಿತು, ಮನೆಯಲ್ಲಿ ದೊಡ್ಡವರು ಓದಿ ಹೇಳುವುದನ್ನು ನೋಡಿ, ಓದು ಎಂದರೆ ಏನೆಂದು ಕಲಿತಿದ್ದವು. ಮೊದಲು ಹೆಸರು ಕೊಟ್ಟವನು ನಿರಂಜನ.

"ನಮ್ಮ ಮನಿದು ತಗೀರಿ," ಎಂದ.

ಪರ್ವೀನ್ ಪರದೆಯ ಮೇಲೆ ತೆಗೆದಳು. ಮಸೂರ ಇದ್ದದ್ದು ನೀಲಿಯ ಹಣೆಯ ಮೇಲೆ. ಹೀಗಾಗಿ ಕಂಡದ್ದೆಲ್ಲ ನೀಲಿಯ ಎತ್ತರದಿಂದ ಕಂಡದ್ದು. ಕಪ್ಪೆಯ ಚಿತ್ರ. ಪಕ್ಕದಲ್ಲಿ ಅವನದೇ ದನಿ, ಪುಸ್ತಕ ನೋಡದೆ ಬಾಯಿಪಾಠವಾಗಿ ಕತೆ ಹೇಳುತ್ತಿತ್ತು. ಕಪ್ಪೆ ನೀರಿಗೆ ಬಿತ್ತು. ಪುಟ ಕೆಳಗೆ ಜಾರಿ ಅಪ್ಪನ ಮುಖ ಪರದೆಯನ್ನು ತುಂಬಿತು. ಆ ಮುಖ ಬಾಗಿತ್ತು, ಕನ್ನಡಕದ ಮೇಲೆ ಫೋನಿನ ಬೆಳಕು ಬಿದ್ದಿತ್ತು, ತುಟಿ ಮಾತ್ರ ಅಲುಗುತ್ತಿತ್ತು. ಮುಖ ಅಲ್ಲೇ ನಿಂತಿತು. ಮಗು ನೋಡುತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಪ್ಪೆ. ಮುಂದಿನ ಪುಟದಲ್ಲಿ ಮತ್ತೆ ಅದೇ ಬಾಗಿದ ಮುಖ. ಬೇರೆ ಸಂಜೆ, ಬೇರೆ ಅಂಗಿ, ಅದೇ ಮುಖ. ಅವನ ಅಪ್ಪನ ಕಾಲದಿಂದ ಈವರೆಗೆ ಫೋನಿನ ಆಕಾರ ಎಷ್ಟೋ ಸಲ ಬದಲಾಗಿತ್ತು. ಅದನ್ನು ನೋಡುವಾಗ ಮನುಷ್ಯನ ಕತ್ತು ಬಾಗುವ ರೀತಿ ಮಾತ್ರ ಬದಲಾಗಿರಲಿಲ್ಲ.

"ಸಾಕು," ಎಂದ ನಿರಂಜನ.

ಪರ್ವೀನ್ ನಿಲ್ಲಿಸಿದಳು. "ಎಲ್ಲಾ ಮನ್ಯಾಗೂ ಹಿಂಗ ಐತ್ರಿ ಸರ್. ನಮ್ಮ ಮನಿದೂ ನೋಡಿದೆ ನಾ," ಎಂದು ಸಣ್ಣ ದನಿಯಲ್ಲಿ ಹೇಳಿದಳು. "ಮಕ್ಕಳು ಮಾರಿ ಎತ್ತಿ ನೋಡ್ತಿದ್ವು, ಆ ಕಡಿಂದ ಏನೂ ಬರ್ತಿದ್ದಿಲ್ಲ. ಕುಲಾವಿಗೆ ಅದು ದಂಡದ ಕೆಲಸ ಅನಿಸೈತಿ."

"ಅದನ್ನ ತಗದು ಹಾಕ್ರಿ."

"ಇವತ್ತ ತಗೀತೇನ್ರಿ. ಆದ್ರ ಅದು ಮನ್ಯಾಗ ಕೂತು ಕಲಿಯೂ ಯಂತ್ರ. ಮನಿ ಹಂಗ ಇದ್ರ, ಮತ್ತ ಅದನ್ನ ಕಲೀತೈತಿ."

ನೂಲಿನಂತೆ ಸೀರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲಿ ಯಂತ್ರವನ್ನು ಬಯ್ದು ಕೈ ತೊಳೆದುಕೊಳ್ಳುವ ದಾರಿ ನಿರಂಜನನಿಗೆ ಉಳಿಯಲಿಲ್ಲ. ಕುಲಾವಿಗಳನ್ನು ಹಿಂದಕ್ಕೆ ತರಿಸಬೇಕೆಂದು ಅವನು ಮೇಲಿನವರ ಮುಂದೆ ಬೇಡಿಕೊಂಡ. ವಿಚಾರ ಮಾಡೋಣ ಎಂದರು. ತಂದೆ ತಾಯಂದಿರ ಸಭೆ ಕರೆದು ಹೇಳಿದ. "ಹುಡುಗ ಸುಮ್ನ ಕುಂತು ಓದ್ತಾನ್ರಿ, ಅದಕ್ಯಾಕ ಕಲ್ಲು ಹಾಕ್ತೀರಿ?" ಎಂದು ಒಬ್ಬ ಕೇಳಿದ. ಕೇಳುವಾಗ ಅವನೂ ಫೋನಿನಿಂದ ತಲೆ ಎತ್ತಿರಲಿಲ್ಲ.

ಉಳಿದದ್ದು ಮನೆ. ನಿರಂಜನ ಸಂಜೆ ಸಂಜೆ ಕಿಟಕಿಯ ಎದುರಿಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಏನೂ ಹಿಡಿಯದೆ ಮಗಳ ಕಡೆ ನೋಡುತ್ತ ಕೂರತೊಡಗಿದ. ಕರೆಯುವ ಹಾಗಿಲ್ಲ, ಕರೆದರೆ ಅವಳು ತಾನಾಗಿ ನೋಡಿದಂತಾಗುವುದಿಲ್ಲ. ಅವಳು ತಲೆ ಎತ್ತಿದಾಗ ತನ್ನ ಮುಖ ಅಲ್ಲಿರಬೇಕು, ಅಷ್ಟೇ. ನಾಲ್ಕು ಸಾಲಿನ ಒಂದು ಪುಟ ಇಷ್ಟು ಉದ್ದವಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎದುರಿಗೇ ಇದ್ದವರಿಗಾಗಿ ಹೀಗೆ ಕಾಯುವುದು ಯಾರೂ ಇಲ್ಲದ ಮನೆಯಲ್ಲಿ ಇರುವುದಕ್ಕಿಂತ ಕಷ್ಟವಾಗಿತ್ತು. ಎರಡು ವರ್ಷದ ಕೂಸು ಇದನ್ನು ಒಂದಿಡೀ ಮಳೆಗಾಲ ಮಾಡಿತ್ತಲ್ಲ ಎಂಬುದು ಅವನಿಗೆ ನೆನಪಾಯಿತು. ದಿನಗಳು ಹೋದವು. ನೀಲಿ ಪುಟ ತಿರುಗಿಸುತ್ತಿದ್ದಳು, ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ಪುಟಕ್ಕೇ ಹೋಗುತ್ತಿತ್ತು.

ಒಂದು ಸಂಜೆ ಅವಳ ಕೈ ಪುಟದ ಅಂಚಿನಲ್ಲಿ ನಿಂತಿತು, ತಿರುಗಿಸಲಿಲ್ಲ. ನಿರಂಜನ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಗುನುಗಿತು. ಯಾರದೆಂದು ನೋಡಲು ಅವನು ತಲೆ ಬಾಗಿಸಿದ. ಸಾನ್ವಿ. ತಲೆ ಎತ್ತುವುದರೊಳಗೆ ನೀಲಿಯ ಕಣ್ಣು ಪುಟಕ್ಕೆ ಇಳಿಯುತ್ತಿತ್ತು. ಮುಂದಲೆಯ ಕೂದಲು ಇನ್ನೂ ಅಲುಗುತ್ತಿತ್ತು, ಗದ್ದ ಪೂರ್ತಿ ಕೆಳಗೆ ಬಂದಿರಲಿಲ್ಲ.

ಅವನು ಫೋನು ಕಿವಿಗಿಟ್ಟುಕೊಂಡ. ಆ ಕಡೆ ಸಮುದ್ರದ ಗಾಳಿ ಬೀಸುತ್ತಿತ್ತು.

"ಇವತ್ತ ನೋಡಿದ್ಲೇನು?"

"ನೋಡಿದ್ಲು."

ಸಾನ್ವಿಯ ದನಿ ಗಾಳಿಗಿಂತ ಜೋರಾಯಿತು. "ಖರೇನ? ನಿನ್ನ ನೋಡಿ ನಕ್ಳೇನು?"

ನೀಲಿ ಪುಟ ತಿರುಗಿಸಿದಳು. ನಕ್ಕಳೋ ಇಲ್ಲವೋ ನಿರಂಜನನಿಗೆ ಗೊತ್ತಿರಲಿಲ್ಲ.