ಕಲ್ಲವ್ವನಿಗೆ ಒಂದು ಹಿಡಿ ಸೊಪ್ಪು

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಏಳು ಕಡಲಿನ ಆಚೆ ಮಂಜಿನಪುರ ಅನ್ನೋ ರಾಜ್ಯವಿತ್ತು. ಅಲ್ಲಿಯ ಚಳಿ ಎಂಥದ್ದು ಅಂದರೆ, ಸೂರ್ಯನೇ ಬೆಳಿಗ್ಗೆ ಕಂಬಳಿ ಹೊದ್ದು ಬರುತ್ತಿದ್ದ.

ಆ ರಾಜ್ಯಕ್ಕೆ ನಮ್ಮ ಸೀಮೆಯ ಗವಿಯಪ್ಪ ಹೋದ. ಊರಲ್ಲಿ ಅವನ ಕಸುಬು ಮದುವೆ ಪಂಕ್ತಿಯಲ್ಲಿ ಬಡಿಸೋದು. ಅವನು ಬಡಿಸಲು ನಿಂತರೆ ಆನೆಯೂ ಹೊಟ್ಟೆ ಸವರಿಕೊಂಡು ಏಳುತ್ತಿತ್ತು. ಆ ಹೆಸರು ಕೇಳಿಯೇ ಮಂಜಿನಪುರದ ರಾಜ ಅವನನ್ನು ಅಡಿಗೆಮನೆಗೆ ಕರೆಸಿಕೊಂಡಿದ್ದ. ಹೊರಡುವಾಗ ಗವಿಯಪ್ಪ ಒಯ್ದದ್ದು ಒಂದು ಸೌಟು, ಒಂದು ಗಂಟು ರಾಗಿ ಹಿಟ್ಟು, ಬಿದಿರು ಬುಟ್ಟಿಯಲ್ಲಿ ಅವನ ಆಮೆ ಕಲ್ಲವ್ವ. ಅವನ ಅವ್ವ ಕಣ್ಣು ಮುಚ್ಚುವಾಗ ಕೈಗಿಟ್ಟು ಹೋದ ಆಮೆ. ಕಲ್ಲವ್ವನಿಗೆ ಮಾತು ಬರುತ್ತಿತ್ತು. ಆಮೆಗಳಿಗೆ ಈಗಲೂ ಬರುತ್ತದೆ. ಅವು ಮಾತು ಮುಗಿಸುವ ತನಕ ನಾವು ನಿಲ್ಲೋದಿಲ್ಲ, ಅಷ್ಟೆ.

ಕಲ್ಲವ್ವನ ಮೇವಿಗೆಂದು ಹಡಗಿನಲ್ಲಿ ತಂದಿದ್ದ ಹೊನಗೊನ್ನೆ ಸೊಪ್ಪು ತೀರಿತು. ಗವಿಯಪ್ಪ ಬೇರೆ ಸೊಪ್ಪು ಹುಡುಕಿಕೊಂಡು ಹೊರಟ. ನೋಡುತ್ತಾನೆ, ಆ ರಾಜ್ಯದಲ್ಲಿ ಹಸುರು ಅನ್ನೋದೇ ಇಲ್ಲ! ಹಬೆಗಣ್ಣ ಅನ್ನೋ ಮಾಯಾವಿ ಒಂದೇ ಉಸಿರಿಗೆ ನಾಡಿನ ಸೊಪ್ಪುಸದೆಯನ್ನೆಲ್ಲ ತನ್ನ ತೋಟಕ್ಕೆ ಎಳೆದುಕೊಂಡು, ಸುತ್ತ ತಾಮ್ರದ ಗೋಡೆ ಕಟ್ಟಿದ್ದ. ದನಗಳು ಬರೀ ಬಾಯಿ ಆಡಿಸುತ್ತಿದ್ದವು. ಕಲ್ಲವ್ವ ಚಿಪ್ಪಿನಿಂದ ತಲೆಯನ್ನೇ ಹೊರಗೆ ಹಾಕಲಿಲ್ಲ.

ಗವಿಯಪ್ಪ ಬುಟ್ಟಿ ಎತ್ತಿಕೊಂಡು ನೆಟ್ಟಗೆ ಮಾಯಾವಿಯ ಬಾಗಿಲಿಗೆ ಹೋದ.

“ಯಾವನೋ ನೀನು, ಒಣಕಡ್ಡಿ?”

“ಬಡಿಸೋನು ಸ್ವಾಮಿ. ನಮ್ಮ ಕಲ್ಲವ್ವ ಉಪವಾಸ ಬಿದ್ದಿದ್ದಾಳೆ. ಒಂದು ಹಿಡಿ ಸೊಪ್ಪು ಕೊಟ್ಟರೆ ಬದುಕ್ತಾಳೆ.”

ಹಬೆಗಣ್ಣ ನಕ್ಕ. ಗೋಡೆ ಗಂಟೆಯ ಹಾಗೆ ಝಣ್ ಅಂತು. “ಬಡಿಸೋನೋ? ಹಾಗಾದರೆ ಮೂರು ಊಟ ಹಾಕು. ನನ್ನ ಬಾಯಲ್ಲಿ ‘ಸಾಕು’ ಅನ್ನೋ ಮಾತು ಹುಟ್ಟಿದಾಗಿನಿಂದ ಬಂದಿಲ್ಲ. ಬಂದರೆ ನನ್ನ ಮಾಯೆ ಮುಗೀತು, ತೋಟ ನಿಂದು. ಬರದಿದ್ದರೆ, ನಾಲ್ಕನೇ ಊಟಕ್ಕೆ ನಿನ್ನ ಕಲ್ಲವ್ವ!”

ರಾಜ ಉಗ್ರಾಣದ ಬಾಗಿಲು ತೆರೆಸಿದ. ಮೊದಲನೇ ಊಟಕ್ಕೆ ಗವಿಯಪ್ಪ ಗುಡ್ಡದಷ್ಟು ಅನ್ನ ಸುರಿದು, ಬಾವಿಯಷ್ಟು ಸಾರು ಹೊಯ್ದ.

“ಇನ್ನೂ ಬೇಕೇ ಸ್ವಾಮಿ?”

“ಬೇಕು!”

ಗುಡ್ಡ ಕರಗಿತು, ಬಾವಿ ಬತ್ತಿತು. ಎರಡನೇ ಊಟಕ್ಕೆ ತೆಂಗಿನ ಮರದೆತ್ತರ ಹೋಳಿಗೆ ಪೇರಿಸಿ, ಕಾಲುವೆಯಲ್ಲಿ ತುಪ್ಪ ಹರಿಸಿದ.

“ಇನ್ನೂ ಬೇಕೇ ಸ್ವಾಮಿ?”

“ಬೇಕು!”

ಹೋಳಿಗೆಯೂ ಇಲ್ಲ, ತುಪ್ಪವೂ ಇಲ್ಲ. ಉಗ್ರಾಣದಲ್ಲಿ ಇಲಿಗೂ ಒಂದು ಕಾಳು ಉಳಿಯಲಿಲ್ಲ. ಗವಿಯಪ್ಪ ಬುಟ್ಟಿಯ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತ.

ಚಿಪ್ಪಿನೊಳಗಿಂದ ಸಣ್ಣಗೆ ದನಿ ಬಂತು. “ಏನೋ ಗವಿಯಾ, ಬೇಕೇ ಬೇಕೇ ಅಂತ ಕೇಳ್ತೀಯಲ್ಲ, ನಾಚಿಕೆ ಆಗಲ್ವೇನೋ? ನಮ್ಮೂರ ಪಂಕ್ತಿಯಲ್ಲಿ ಹಿಂಗೆ ಕೇಳಿದ್ರೆ ಬೀಗರು ಎದ್ದು ಹೋಗ್ತಿದ್ರು.”

“ಇಲ್ಲಿ ಹೀಗೇ ಕೇಳೋದಂತೆ ಕಣವ್ವ. ಅರಮನೆಯವರು ಹೇಳಿಕೊಟ್ಟರು.”

“ಆ ಕಲಿತದ್ದನ್ನ ಬಿಡು. ನಿಮ್ಮವ್ವ ಬಡಿಸಿದ ಹಾಗೆ ಬಡಿಸು ಹೋಗು!”

ಗವಿಯಪ್ಪ ಊರಿನ ರಾಗಿ ಹಿಟ್ಟಿನ ಗಂಟು ಬಿಚ್ಚಿ, ಒಂದು ಬುಟ್ಟಿ ಮುದ್ದೆ ಕಟ್ಟಿದ. ಹಬೆಗಣ್ಣ ಅದನ್ನು ನೋಡಿ ಉರಿದುಬಿದ್ದ. “ಇಷ್ಟೇ ಏನೋ?” ಅಂತ ಒಂದು ಮುದ್ದೆ ನುಂಗಿದ.

ಗವಿಯಪ್ಪ ಈ ಸಲ ‘ಬೇಕೇ’ ಅಂತ ಕೇಳಲಿಲ್ಲ. ಇನ್ನೊಂದು ಹಾಕಿದ. “ಅಯ್ಯಯ್ಯೋ, ಏನೂ ಉಣ್ಣಲೇ ಇಲ್ಲವಲ್ಲ ಸ್ವಾಮಿ! ಮುಖ ಎಷ್ಟು ಬಾಡಿದೆ. ಮನೇಲಿ ಯಾರೂ ನೋಡ್ಕೊಳ್ಳಲ್ವೇ?”

ಹಬೆಗಣ್ಣ ತಬ್ಬಿಬ್ಬಾದ. ಜೀವಮಾನವೆಲ್ಲ ಕಿತ್ತುಕೊಂಡು ತಿಂದವನು. ಉಣ್ಣು ಅಂತ ಅವನಿಗೆ ಹೇಳಿದವರೇ ಇರಲಿಲ್ಲ. ನುಂಗುವುದು ಬಿಟ್ಟು ಅಗಿಯತೊಡಗಿದ.

“ಇದು ನಿಮ್ಮ ಅವ್ವನ ಹೆಸರಲ್ಲಿ.” ಇನ್ನೊಂದು ಬಿತ್ತು.

“ಅಲ್ಲಪ್ಪಾ...”

“ಅಲ್ಲ ಗಿಲ್ಲ ಅನ್ನಬೇಡಿ. ಇದು ನನ್ನ ಮೇಲಿನ ಪ್ರೀತಿಗೆ.” ಮತ್ತೊಂದು ಬಿತ್ತು. “ಇದನ್ನ ಬಿಟ್ಟರೆ ನನ್ನಾಣೆ!”

ಹಬೆಗಣ್ಣನ ಕಣ್ಣಲ್ಲಿ ನೀರು, ಹಣೆಯಲ್ಲಿ ಬೆವರು. ಸೌಟು ಮತ್ತೆ ಬಂತು. ಅವನು ತಟ್ಟೆಯ ಮೇಲೆ ಬೋರಲು ಬಿದ್ದು, ಎರಡೂ ಕೈ ಅಡ್ಡ ಹಿಡಿದು ಕೂಗಿದ: “ಸಾಕು! ಸಾಕೋ ಮಾರಾಯ, ಸಾಕು!”

ಅಂದದ್ದೇ ತಡ, ತಾಮ್ರದ ಗೋಡೆ ಹಪ್ಪಳದ ಹಾಗೆ ಪುಡಿಯಾಯಿತು. ಸೊಪ್ಪೆಲ್ಲ ಗಿಳಿಹಿಂಡಿನಂತೆ ಹಾರಿ ತಂತಮ್ಮ ಬೇಲಿ, ಬದುಗಳಿಗೆ ಹೋಗಿ ಕೂತಿತು. ಹಬೆಗಣ್ಣನ ಹೊಟ್ಟೆ ಇಳಿದು, ಅವನು ಸಾಧು ಮುದುಕನಾಗಿ ಎದ್ದು ಕೈ ತೊಳೆದ.

ಗವಿಯಪ್ಪ ದಾರಿಬದಿಯಿಂದ ಗರಗಸದಂಥ ಅಂಚಿನ, ಹಳದಿ ಹೂವಿನ ಸೊಪ್ಪು ಕಿತ್ತು ತಂದ. ಕಲ್ಲವ್ವ ತಲೆ ಹೊರಗೆ ಹಾಕಿ ಮೂಸಿದಳು.

“ಇದು ಹೊನಗೊನ್ನೆ ಅಲ್ಲ.”

“ಈ ಊರಿಗೆ ಇದೇ ಹೊನಗೊನ್ನೆ ಅಂದ್ಕೋ. ನೋಡು, ನಾನೇ ತಿಂತೀನಿ.” ಅಗಿದ. ಕಹಿಗೆ ಮುಖ ಕಿವುಚಿದ. “ಆಹಾ, ಥೇಟು ಮೆಂತ್ಯ!”

“ಬೇಡಪ್ಪ.”

“ಒಂದೇ ಎಲೆ.”

“ಬೇಡ ಅಂದ್ನಲ್ಲ.”

“ನನ್ನಾಣೆ ಕಲ್ಲವ್ವ!”

ಮೂರನೇ ಸಲ ಒತ್ತಾಯ ಮಾಡಿದ ಮೇಲೆ ಕಲ್ಲವ್ವ ಕಚಕ್ ಅಂತ ಕಚ್ಚಿದಳು. ಕಣ್ಣು ಅರಳಿತು. ಹಿಡಿ ಮುಗಿಯಿತು, ಬುಟ್ಟಿ ಮುಗಿಯಿತು, ಬದುವೂ ಮುಗಿಯುತ್ತ ಬಂತು.

ಅಂದಿನಿಂದ ಮಂಜಿನಪುರದಲ್ಲಿ ಬಡಿಸುವವರು ‘ಬೇಕೇ’ ಅಂತ ಕೇಳುವುದನ್ನೇ ಬಿಟ್ಟರು. ರಾಜ, ಪ್ರಜೆ, ದನ, ಕರು ಎಲ್ಲರೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಹಬೆಗಣ್ಣ ಈಗ ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಕಲ್ಲವ್ವನಿಗೆ ಸೊಪ್ಪು ಕೊಯ್ದು ತರುತ್ತಾನೆ. ತಂದು ತಂದು ಅವನ ಸೊಂಟ ಬಗ್ಗಿದೆ. ಕಲ್ಲವ್ವ ಮಾತ್ರ ಇನ್ನೂ ‘ಸಾಕು’ ಅಂದಿಲ್ಲ.