ಇರುವೆ ಮುತ್ತಿದ ಇಪ್ಪತ್ತಾರು ಬಾಟಲಿ

ಪೆಟ್ಟಿಗೆಗೆ ಇರುವೆ ಹತ್ತಿತ್ತು.

ಯಮುನಾ ಮೊದಲು ಬೈದದ್ದು ಇರುವೆಗಳನ್ನೇ. ಕೊಡಗಿನ ಬಾಳೆಲೆ ಊರಿನ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಳು ಲ್ಯಾಬ್ ಟೆಕ್ನಿಷಿಯನ್. ಲ್ಯಾಬ್ ಅಂದರೆ ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಮನಸ್ಸು ಬಂದಾಗ ತಿರುಗುವ ಒಂದು ಫ್ಯಾನು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ಕಿಟಕಿಯಿಂದ ಇಳಿದ ಇರುವೆ ಸಾಲು ಮೇಜು ದಾಟಿ ರಟ್ಟಿನ ಪೆಟ್ಟಿಗೆ ಹೊಕ್ಕಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಸಕ್ಕರೆಯೂ ಅಲ್ಲ, ಬೆಲ್ಲವೂ ಅಲ್ಲ. ಇಪ್ಪತ್ತೇಳು ಬಾಟಲಿ ಮೂತ್ರ.

ಕುಶಾಲಪ್ಪನವರ ಎಸ್ಟೇಟಿನಲ್ಲಿ ಕರಿಮೆಣಸು ಕೊಯ್ಯುವವರದ್ದು ಅದು. ನಾಲ್ಕು ದಿನದ ಹಿಂದೆ ಚೋಮ ಎಂಬ ಕೆಲಸಗಾರ ಸುಡುಬಿಸಿಲಲ್ಲಿ ಏಣಿಯಿಂದ ಬಿದ್ದಿದ್ದ. ಮೂಳೆ ಮುರಿದಿರಲಿಲ್ಲ, ಕಿಡ್ನಿ ಕೈಕೊಟ್ಟಿತ್ತು. ಈಗ ಮೈಸೂರಿನಲ್ಲಿ ಡಯಾಲಿಸಿಸ್. ವಯಸ್ಸು ಮೂವತ್ತೊಂದು. ದಿನವಿಡೀ ಬೆವರು ಸುರಿಸಿ, ನೀರು ಕುಡಿಯದೆ, ಸಂಜೆ ಮೈಕೈ ನೋವಿಗೆ ಅಂಗಡಿಯ ಮಾತ್ರೆ ನುಂಗಿದರೆ ಹೀಗಾಗುತ್ತದೆ ಎಂದರು ಡಾಕ್ಟರ್ ಸುಧಾ. ಉಳಿದವರನ್ನೂ ನೋಡೋಣವೆಂದರೆ ರಕ್ತ ಕೊಡಲು ಒಬ್ಬರೂ ಬರಲಿಲ್ಲ. ಕೊನೆಗೆ ಹೆಸರಿನ ಚೀಟಿ ಅಂಟಿಸಿ ಬಾಟಲಿ ಕಳಿಸಿದ್ದರು: ಬೆಳಗ್ಗೆ ಎದ್ದ ಕೂಡಲೇ ತುಂಬಿಸಿ ಕೊಡಿ ಎಂದು.

ಯಮುನಾ ಬಣ್ಣ ಬದಲಾಗುವ ಚೌಕಗಳಿದ್ದ ಪರೀಕ್ಷೆಯ ಪಟ್ಟಿ ಅದ್ದಿದಳು. ಮೊದಲ ಬಾಟಲಿಯಲ್ಲಿ ಪ್ರೋಟೀನ್ ಇಲ್ಲ, ರಕ್ತ ಇಲ್ಲ. ಆದರೆ ಸಕ್ಕರೆಯ ಚೌಕ ಕಡು ಕಂದು. ಎರಡನೆಯದೂ ಹಾಗೇ. ಇಪ್ಪತ್ತಾರೂ ಹಾಗೇ! ಬಣ್ಣವೂ ಒಂದೇ, ಬಾವಿ ನೀರಿನಷ್ಟು ತಿಳಿ.

ಇಪ್ಪತ್ತೇಳನೆಯದು ಮಾತ್ರ ಕರಿ ಚಹಾದ ಬಣ್ಣ. ಸಕ್ಕರೆ ಇಲ್ಲ. ಪ್ರೋಟೀನ್ ಉಂಟು, ರಕ್ತವೂ ಉಂಟು. ಚೀಟಿಯಲ್ಲಿ ಮಿಲನ್ ಎಂದಿತ್ತು.

ಪಟ್ಟಿಯೇ ಕೆಟ್ಟಿದೆಯೋ ಏನೋ. ತನ್ನದನ್ನೇ ಪರೀಕ್ಷಿಸಿದಳು. ಸಕ್ಕರೆ ಇರಲಿಲ್ಲ. ಪಟ್ಟಿ ಸರಿಯಾಗಿಯೇ ಇತ್ತು.

"ಇಪ್ಪತ್ತಾರು ಜನಕ್ಕೂ ಶುಗರಾ? ಬೆಳಬೆಳಗ್ಗೆ ತಮಾಷೆ ಮಾಡ್ಬೇಡ ಯಮುನಾ," ಎಂದರು ಡಾಕ್ಟರ್ ಸುಧಾ.

"ಒಬ್ಬರದ್ದೇ ಮೇಡಂ. ಎಲ್ಲ ಬಾಟಲಿಗೂ ಒಬ್ಬರೇ ತುಂಬಿಸಿದ್ದಾರೆ. ನಿಜವಾದ್ದು ನಮ್ಮ ಕೈಗೆ ಸಿಗಬಾರ್ದು ಅಂತ."

"ಸೋಮವಾರ ಮತ್ತೆ ತರಿಸೋಣ ಬಿಡು."

"ಯಾರು, ಯಾಕೆ ಮಾಡಿದ್ದು ಅಂತ ಗೊತ್ತಾಗದಿದ್ರೆ ಸೋಮವಾರವೂ ಇದೇ ಬರ್ತದೆ. ಅಷ್ಟರೊಳಗೆ ಇನ್ನೊಬ್ಬರು ಬಿದ್ರೆ?"

ಅವಳು ಹೀಗೆ ಪಟ್ಟು ಹಿಡಿದಳು. ಅದಕ್ಕೆ ಕಾರಣವಿತ್ತು. ಫೆಬ್ರವರಿಯಲ್ಲಿ ಚೋಮ ಸೊಂಟ ಹಿಡಿದುಕೊಂಡು ಅವಳ ಬಾಗಿಲಿಗೆ ಬಂದಿದ್ದ. ಅವತ್ತು ಕ್ಯೂ ಉದ್ದವಿತ್ತು. "ನೀರು ಜಾಸ್ತಿ ಕುಡಿ ಮಾರಾಯ," ಎಂದು ಹೇಳಿ ಕಳಿಸಿಬಿಟ್ಟಿದ್ದಳು. ಒಂದು ಪಟ್ಟಿ ಅದ್ದಿದ್ದರೆ ಸಾಕಿತ್ತು. ಆ ಸಂಕಟ ನಾಲ್ಕು ದಿನದಿಂದ ಅವಳಿಗೆ ಅನ್ನ ಸೇರಗೊಟ್ಟಿರಲಿಲ್ಲ.

* * *

ಹನ್ನೊಂದಕ್ಕೇ ಬಿಸಿಲು ಬೆನ್ನು ಸುಡುತ್ತಿತ್ತು. ಸ್ಕೂಟರ್ ನಿಲ್ಲಿಸಿ ಯಮುನಾ ಎಸ್ಟೇಟ್ ಆಫೀಸಿನ ಮೆಟ್ಟಿಲು ಹತ್ತಿದಳು. ಕೆಲಸಗಾರರ ಉಸ್ತುವಾರಿ ನೋಡುವ ರೈಟರ್ ಚಿದಾನಂದ ಲೋಟ ಹಿಡಿದು ಕೂತಿದ್ದ. ಬಾಟಲಿ ಪೆಟ್ಟಿಗೆಯನ್ನು ಆಸ್ಪತ್ರೆಗೆ ತಂದುಕೊಟ್ಟವನು ಅವನೇ.

"ಚಹಾ ಕುಡೀರಿ ಸಿಸ್ಟರ್. ಸಕ್ಕರೆ ಹಾಕಿಸ್ಲಾ? ನಂದು ಸಪ್ಪೆ ಚಹಾ."

ಯಮುನಾಳ ಕಿವಿ ನೆಟ್ಟಗಾಯಿತು. "ನಿಮಗೆ ಶುಗರ್ ಉಂಟಾ?"

"ಆರು ವರ್ಷ ಆಯ್ತು. ಎಂತ ಮಾಡೋದು, ಮಾತ್ರೆಯಲ್ಲೇ ಬದುಕು."

ಸಿಕ್ಕಿಬಿದ್ದ ಅಂದುಕೊಂಡಳು. ಬಾಟಲಿಯ ವಿಷಯ ಸುತ್ತು ಬಳಸದೆ ಕೇಳಿದಳು. ಚಿದಾನಂದನ ಮುಖ ಕೆಂಪಾಯಿತು.

"ಥೂ, ಏನು ಮಾತು ಅಂತ ಆಡ್ತೀರಿ! ನಿನ್ನೆ ರಾತ್ರಿ ನಾನು ವಿರಾಜಪೇಟೆಯಲ್ಲಿ ತಂಗಿ ಮನೆಯಲ್ಲಿದ್ದೆ. ಬೆಳಗ್ಗೆ ಬರೋವಾಗ ಕೆಲಸದವರ ಲೈನ್‌ಮನೆ ಜಗಲಿ ಮೇಲೆ ಪೆಟ್ಟಿಗೆ ತಯಾರಿತ್ತು. ಎತ್ತಿ ಜೀಪಿಗೆ ಹಾಕಿದೆ. ಬೇಕಾದ್ರೆ ನಂದೂ ನೋಡಿ, ಕೊಡಿ ಬಾಟಲಿ!"

ಕೊಟ್ಟೇಬಿಟ್ಟಳು. ಅವನು ತುಂಬಿಸಿಕೊಂಡೂ ಬಂದ. ಬ್ಯಾಗಿನಲ್ಲಿದ್ದ ಪಟ್ಟಿ ಅದ್ದಿದರೆ ಸಕ್ಕರೆ ಇಲ್ಲ. ಮಾತ್ರೆ ಕೆಲಸ ಮಾಡುತ್ತಿತ್ತು.

"ಆಯ್ತಾ ಸಮಾಧಾನ?" ಎಂದ ಅವನು.

ಯಮುನಾಗೆ ಸಮಾಧಾನವೆಲ್ಲಿಯದು? ಕಳ್ಳ ಕೈಗೆ ಸಿಕ್ಕಂತಾಗಿ ಜಾರಿಹೋಗಿದ್ದ. ಅತ್ತ ತೋಟದಲ್ಲಿ ಇಪ್ಪತ್ತೇಳು ಜನ ಏಣಿಯ ಮೇಲಿದ್ದರು.

* * *

ಮಿಲನ್ ಅಸ್ಸಾಮಿನಿಂದ ಬಂದ ಹುಡುಗ. ಕರೆದಾಗ ಏಣಿಯಿಂದ ಇಳಿದು ಬಂದ. ತುಟಿ ಒಡೆದಿತ್ತು.

"ನನ್ನ ಬಾಟ್ಲಿ ನಾನೇ ತುಂಬಿದ್ದು ಮೇಡಂ. ನಾನು ಸ್ಟೋರ್ ಹತ್ರ ಮಲಗೋದು, ಲೈನಲ್ಲಿ ಅಲ್ಲ. ನನ್ನ ಬಾಟ್ಲಿ ಯಾರೂ ಕೇಳ್ಲಿಲ್ಲ."

"ಹಾಗಾದ್ರೆ ಲೈನಿನವರದ್ದು ಯಾರು ಕೇಳಿದ್ರು?"

ಮಿಲನ್ ಪಕ್ಕದ ಏಣಿಯತ್ತ ನೋಡಿದ. ಆ ಏಣಿಯ ಮೇಲಿದ್ದವಳು ಚಿನ್ನಿ, ಮೂರು ವರ್ಷದ ಮಗುವಿನ ತಾಯಿ. ಅವಳ ಪಾದ ಊದಿತ್ತು. ಕಿಡ್ನಿ ಸೋತರೂ ಕಾಲು ಊದುತ್ತದೆಂದು ಯಮುನಾಗೆ ಗೊತ್ತಿತ್ತು. ಏಣಿಯ ಬುಡದಲ್ಲಿ ನೀರಿನ ಡ್ರಮ್ಮಿತ್ತು. ಬೆಳಗ್ಗೆ ತಂದಿಟ್ಟದ್ದು ಇನ್ನೂ ಬಾಯಿಮಟ್ಟ ತುಂಬಿಯೇ ಇತ್ತು.

"ನೀರು ಕುಡಿಯಲ್ವಾ ಚಿನ್ನಿ?"

"ಇಳಿದು ಹತ್ತೋದ್ರಲ್ಲಿ ಹೊತ್ತು ಹೋಗ್ತದೆ ಅಕ್ಕ. ಕುಡಿದ್ರೆ ಮತ್ತೆ ಹೋಗ್ಲಿಕ್ಕೆ ಜಾಗ ಎಲ್ಲುಂಟು? ಆಚೆ ಕಾಡಲ್ಲಿ ಆನೆ, ಈಚೆ ಗಂಡಸರು."

"ಕಾಲು ಯಾವಾಗಿಂದ ಊದಿದೆ?"

"ಎಂತದೂ ಇಲ್ಲಕ್ಕ. ನಾನು ಗಟ್ಟಿ ಇದ್ದೇನೆ. ಬರ್ಕೊಳ್ಳಿ, ಗಟ್ಟಿ ಇದ್ದೇನೆ ಅಂತ!" ಎಂದಳು. ಅವಳ ಕಣ್ಣಲ್ಲಿದ್ದದ್ದು ಹೆದರಿಕೆ. ಕಾಯಿಲೆಯ ಹೆದರಿಕೆಯಲ್ಲ ಅದು, ಬೇರೆ ಯಾವುದೋ.

* * *

ಆ ಬೇರೆಯದೇನೆಂದು ಲೈನಿನ ಹತ್ತಿರ ಬಂದಾಗ ತಿಳಿಯಿತು. ಕೆಲಸಗಾರರ ಮನೆಗಳ ಸಾಲಿನಲ್ಲಿ ಮೂರನೆಯ ಬಾಗಿಲಿಗೆ ಹೊಸ ಬೀಗ. ಒಲೆಯ ಕಲ್ಲು, ಹರಿದ ಚಾಪೆ ಅಂಗಳದಲ್ಲಿ ಬಿದ್ದಿದ್ದವು.

"ಚೋಮನ ಮನೆ," ಎಂದಳು ಜಗಲಿಯ ನೆರಳಲ್ಲಿ ಕೂತಿದ್ದ ಸಣ್ಣಿ. ಚಿನ್ನಿಯ ತಾಯಿ ಅವಳು. ಈಗ ತೋಟಕ್ಕೆ ಹೋಗುವುದಿಲ್ಲ. ಲೈನಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. "ಅವ ಆಸ್ಪತ್ರೆಗೆ ಹೋದ ಮಾರನೇ ದಿನವೇ ಹೆಂಡತಿ ಮಗುವನ್ನ ಎಬ್ಬಿಸಿದ್ರು. ಕೆಲಸ ಮಾಡಲಾಗದವರಿಗೆ ಲೈನಿಲ್ಲ ಅಂತ."

ಹೇಳುತ್ತ ಸಣ್ಣಿ ಚೊಂಬು ಎತ್ತಿ ಗಟಗಟ ನೀರು ಕುಡಿದಳು. ಮಗುವೊಂದನ್ನು ತಟ್ಟಿ ಮಲಗಿಸಿ ಮತ್ತೆ ಕುಡಿದಳು. ಎದ್ದು ಹಿಂದಿನ ತಡಿಕೆಯ ಬಚ್ಚಲಿಗೆ ಹೋಗಿಬಂದಳು. ಕಾಲು ಗಂಟೆಯಲ್ಲಿ ಇನ್ನೊಮ್ಮೆ ಹೋದಳು.

ಅವಳು ಬಂದಮೇಲೆ ಯಮುನಾ ಕಾಲು ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋದಳು. ಚಪ್ಪಡಿ ಕಲ್ಲಿನ ಮೇಲೆ ಇರುವೆ ಮುತ್ತಿತ್ತು.

ಅವಳು ಅಲ್ಲೇ ನಿಂತು ನೋಡಿದಳು. ಕಳ್ಳನನ್ನು ಹಿಡಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ.

* * *

"ಸಣ್ಣಜ್ಜಿ, ಬಾಟಲಿ ತುಂಬಿಸಿದ್ದು ನೀವೇ ಅಲ್ವಾ?"

ಸಣ್ಣಿ ಮಗುವಿನ ಮೇಲಿನ ನೊಣ ಓಡಿಸುತ್ತಿದ್ದಳು. ಕೈ ನಿಂತಿತು.

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಬಿಸಿಲಲ್ಲಿ ದುಡಿಯುವವರದ್ದು ಅಷ್ಟು ತಿಳಿಯಾಗಿ ಇರೋದಿಲ್ಲ. ಅದು ನೆರಳಲ್ಲಿ ಕೂತು ನೀರು ಕುಡಿಯುವವರದ್ದು. ಒಂದು ರಾತ್ರಿಯಲ್ಲಿ ಇಪ್ಪತ್ತಾರು ಬಾಟಲಿ ತುಂಬಿಸೋದು ಸುಮ್ಮನೆ ಆಗುವ ಮಾತಲ್ಲ. ಸಕ್ಕರೆ ಕಾಯಿಲೆ ಜೋರಾಗಿ ಇರುವವರಿಗೆ ಮಾತ್ರ ಆಗ್ತದೆ. ಕಾಯಿಲೆ ಉಂಟು ಅಂತ ಗೊತ್ತಿದ್ದವರು ಹಾಗೆ ಕೊಡೋದಿಲ್ಲ. ಲೈನಿನವರ ಬಾಟಲಿ ಮಾತ್ರ ಬದಲಾಗಿದೆ, ಮಿಲನ್‌ದು ಆಗಿಲ್ಲ. ಅಂದ್ರೆ ಲೈನಿನ ಒಳಗಿನವರೇ. ಬಚ್ಚಲಲ್ಲಿ ಇರುವೆ ನೋಡಿದೆ."

ಸಣ್ಣಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ರಿಪೋರ್ಟು ಕೆಟ್ಟದ್ದು ಬಂದ್ರೆ ಮನೆಗೆ ಬೀಗ. ಚಿನ್ನಿದು ಕೆಂಪಗೆ ಹೋಗ್ತದೆ ಅಂತ ನನಗೆ ಗೊತ್ತಿತ್ತು. ಮಗು ಕಟ್ಕೊಂಡು ಅವಳು ಎಲ್ಲಿಗೆ ಹೋಗ್ಬೇಕು? ಎಲ್ಲರೂ ಹೆದರಿದ್ರು. ನಾನೇ ಕೊಡ್ತೇನೆ ಅಂದೆ." ಅವಳು ತಲೆ ಎತ್ತಿದಳು. "ನಂದು ನೀರಿನ ಹಾಗೆ ತಿಳಿಯಾಗಿತ್ತಲ್ಲಮ್ಮ! ಇಡೀ ಲೈನಲ್ಲಿ ನಾನೇ ಗಟ್ಟಿ ಅಂದ್ಕೊಂಡಿದ್ದೆ."

ಯಮುನಾ ಅವಳ ಪಕ್ಕದಲ್ಲೇ ಕೂತು ಚೋಮನ ವಿಷಯ ಹೇಳಿದಳು. ಫೆಬ್ರವರಿಯಲ್ಲಿ ತಾನು ಮಾಡಿದ್ದನ್ನೂ ಹೇಳಿದಳು. "ಅವನದ್ದೂ ಕೆಂಪಗೇ ಹೋಗ್ತಿತ್ತಂತೆ ಅಜ್ಜಿ. ಅವತ್ತೇ ಹಿಡಿದಿದ್ರೆ ಈಗ ರಕ್ತ ತೊಳೆಯುವ ಮಿಷನ್ ಬೇಕಾಗ್ತಿರ್ಲಿಲ್ಲವೋ ಏನೋ."

ಮಾತು ಮುಗಿಯುವ ಮೊದಲೇ ಸಣ್ಣಿ ಎದ್ದಿದ್ದಳು. ಮಂಡಿ ನೋವಿನ ಮುದುಕಿ ಬರಿಗಾಲಲ್ಲಿ ತೋಟದ ಏರಿ ಹತ್ತಿದಳು.

"ಇಳಿಯೇ ಚಿನ್ನಿ! ಇಳಿ! ಎಲ್ಲರೂ ಇಳೀರಿ! ಮನೆ ಹೋದ್ರೆ ಹೋಗ್ಲಿ!"

* * *

ಗಲಾಟೆಗೆ ಜೀಪು ಬಂತು. ಸಾಹುಕಾರರಾದ ಕುಶಾಲಪ್ಪನವರು ಇಳಿದರು. ರೈಟರ್ ಜನರನ್ನು ಕೇಳಿ ತಿಳಿದು, ಓಡಿಬಂದು ಕಿವಿಯಲ್ಲಿ ಎಲ್ಲ ಹೇಳಿದ.

"ಆಸ್ಪತ್ರೆಗೇ ಮೋಸ ಮಾಡಿದ್ದಾ? ಪೊಲೀಸಿಗೆ ಕೊಡ್ಬೇಕು ಇವಳನ್ನ," ಎಂದು ಗುಡುಗಿದರು.

"ಕೊಡಿ ಸರ್," ಎಂದಳು ಯಮುನಾ. "ಯಾಕೆ ಮಾಡಿದ್ಳು ಅಂತ ಅವರು ಕೇಳ್ತಾರೆ. ಮೂರನೇ ಬಾಗಿಲಿನ ಬೀಗ ಯಾರದ್ದು ಅಂತಲೂ ಕೇಳ್ತಾರೆ."

"ಬೀಗ? ನಾನು ಯಾರನ್ನೂ ಓಡಿಸಿ ಅಂದಿಲ್ಲ."

"ನೀವೇ ಅಂದ್ರಲ್ಲ ಸರ್," ಎಂದ ಚಿದಾನಂದ, ನೆಲ ನೋಡುತ್ತ. "ಫೋನಲ್ಲಿ. ಆಗದವರನ್ನ ಇಟ್ಕೊಂಡು ಎಂತ ಮಾಡೋದು ಅಂತ."

ಎಲ್ಲರೂ ಸಾಹುಕಾರರನ್ನೇ ನೋಡುತ್ತಿದ್ದರು. ಚಿನ್ನಿ ಮಾತ್ರ ಡ್ರಮ್ಮಿನ ಪಕ್ಕ ಕುಸಿದು ಕೂತಿದ್ದಳು. ಸಣ್ಣಿ ಮಗಳ ಬಾಯಿಗೆ ನೀರು ಹಿಡಿದಿದ್ದಳು. ಕುಶಾಲಪ್ಪನವರ ಕಣ್ಣು ಆ ಊದಿದ ಪಾದದ ಮೇಲೆ ನಿಂತಿತು.

"ಬೀಗ ತೆಗಿ," ಎಂದರು ಕೊನೆಗೆ. "ಚೋಮನ ಹೆಂಡತಿಯನ್ನ ಕರ್ಕೊಂಡು ಬಾ, ಜೀಪು ತಗೊಂಡು ಹೋಗು." ಆಮೇಲೆ ಯಮುನಾಳ ಕಡೆ ತಿರುಗಿದರು. "ಇವರಿಗೆಲ್ಲ ಎಂತ ಮಾಡ್ಬೇಕು, ಹೇಳಮ್ಮ."

"ಹನ್ನೆರಡರಿಂದ ಮೂರರವರೆಗೆ ಏಣಿ ಬೇಡ ಸರ್. ಗಂಟೆಗೊಮ್ಮೆ ಎಲ್ಲರೂ ಇಳಿದು ನೀರು ಕುಡೀಲಿ, ನೆರಳಲ್ಲಿ ಕೂರಲಿ. ಹೆಂಗಸರಿಗೆ ಹತ್ತಿರದಲ್ಲೇ ಒಂದು ಕಕ್ಕಸು ಕಟ್ಟಿಸಿ. ಇಲ್ಲದಿದ್ರೆ ಡ್ರಮ್ ತುಂಬಿಯೇ ಇರ್ತದೆ. ಚಿನ್ನಿಯನ್ನ ನಾನು ಈಗಲೇ ಕರ್ಕೊಂಡು ಹೋಗ್ತೇನೆ. ಮಿಲನ್‌ದೂ ನಾಳೆ ರಕ್ತ ನೋಡ್ಬೇಕು."

ಚಿನ್ನಿಯ ರಕ್ತದ ರಿಪೋರ್ಟು ಸಂಜೆ ಬಂತು. ಕಿಡ್ನಿ ಸೋಲತೊಡಗಿತ್ತು. ಇನ್ನೂ ಕೈಮೀರಿಲ್ಲ, ಸರಿಯಾಗಬಹುದು ಎಂದರು ಡಾಕ್ಟರ್ ಸುಧಾ. ಯಮುನಾ ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು.

ಮರುದಿನ ಹೊಸ ಪೆಟ್ಟಿಗೆ ಬಂತು. ಈ ಸಲ ಬಾಟಲಿ ಇಪ್ಪತ್ತೆಂಟು. ಬಣ್ಣ ಬೇರೆ ಬೇರೆ, ಕೆಲವು ನೋಡಿದರೆ ಭಯವಾಗುವಷ್ಟು ಕಪ್ಪು. ಅವಳು ಪಟ್ಟಿಗಳ ಡಬ್ಬಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಿಟಕಿಯಿಂದ ಇರುವೆ ಸಾಲು ಇಳಿದಿತ್ತು. ಮೇಜು ದಾಟಿ, ಪೆಟ್ಟಿಗೆ ಹೊಕ್ಕು, ಮೂಲೆಯ ಒಂದೇ ಒಂದು ಬಾಟಲಿಯನ್ನು ಮುತ್ತಿತ್ತು.

ಚೀಟಿಯ ಮೇಲೆ ಸಣ್ಣಿ ಎಂದಿತ್ತು. ಯಮುನಾ ಇರುವೆಗಳನ್ನು ಬೈಯಲಿಲ್ಲ. ಆ ಬಾಟಲಿಯನ್ನೇ ಮೊದಲು ಕೈಗೆತ್ತಿಕೊಂಡಳು.